ನುಡಿದ ದಿನ, ಬರೆದ ದಿನ: ದಖ್ಖನಿನ ಆಸ್ಥಾನಗಳಲ್ಲಿ ಭವಿಷ್ಯವಾಣಿ

(ಹೈದರಾಬಾದಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಆಷಾಢದಲ್ಲಿ ಬೋನಾಲು ಮುಗಿದ ಮರುದಿನ, ಸೋಮವಾರ ಬೆಳಿಗ್ಗೆ, ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ ಗುಡಿಯಲ್ಲಿ ಒಬ್ಬ ಹೆಂಗಸು ಸುಡದ ಹಸಿ ಮಡಕೆಯ ಮೇಲೆ ನಿಲ್ಲುತ್ತಾಳೆ. ಸುತ್ತ ಬೇವಿನ ಸೊಪ್ಪು, ಅರಿಶಿನ, ಡಪ್ಪಿನ ಸದ್ದು. ಅರ್ಚಕರು ಪ್ರಶ್ನೆ ಕೇಳುತ್ತಾರೆ, ಆಕೆಯ ಬಾಯಿಂದ ಅಮ್ಮನ ಮಾತು ಬರುತ್ತದೆ. ಮಳೆ ಹೇಗಿದೆ, ರೋಗರುಜಿನ ಬರುತ್ತದೆಯೇ, ನಾಡು ನೆಮ್ಮದಿಯಿಂದ ಇರುತ್ತದೆಯೇ? ಇದಕ್ಕೆ 'ರಂಗಂ' ಎಂದು ಹೆಸರು. ಕೇಳಲು ಮಂತ್ರಿಗಳೂ ಬರುತ್ತಾರೆ, ಅಧಿಕಾರಿಗಳೂ ಬರುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅಮ್ಮನ ಮಾತು ಅಚ್ಚಾಗುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಒಡಹುಟ್ಟಿದಂಥ ಆಚರಣೆ ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲು ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಕಂಬಳಿ ಹಿಡಿದು ಕಾಯುತ್ತಾರೆ. ಆ ಸಾಲಿಗೆ ರೈತ ಒಂದು ಅರ್ಥ ಹೇಳುತ್ತಾನೆ, ವ್ಯಾಪಾರಿ ಇನ್ನೊಂದು, ರಾಜಕಾರಣಿ ಮತ್ತೊಂದು.

ಎರಡು ಕಡೆಯೂ ನುಡಿಯುವುದು ಒಬ್ಬರು, ಅರ್ಥ ಕಟ್ಟುವುದು ಸಾವಿರ ಜನ. ಇವತ್ತು ಈ ಮಾತು ಜಾತ್ರೆಯ ಬಯಲಿನಲ್ಲಿದೆ. ಐದಾರು ನೂರು ವರ್ಷಗಳ ಹಿಂದೆ ಇದು ಸಿಂಹಾಸನದ ಪಕ್ಕದಲ್ಲೇ ಇತ್ತು. ಆಗ ಇದನ್ನು ಯಾರು ನುಡಿದರು, ಯಾರಿಗೆ ಬೇಕಾಗಿತ್ತು, ಯಾರು ಒರೆಗೆ ಹಚ್ಚಿದರು ಎಂಬುದೇ ಈ ಉಪನ್ಯಾಸದ ವಿಷಯ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಯಾವುದೇ ಭವಿಷ್ಯವಾಣಿಗೆ ನುಡಿದ ದಿನ ಬೇರೆ, ಬರೆದ ದಿನ ಬೇರೆ. ಇವೆರಡರ ನಡುವಿನ ಅಂತರದಲ್ಲಿ ಏನು ನಡೆಯಿತು?

ಹೊಲದಲ್ಲಿ ಸಿಕ್ಕ ಕೊಪ್ಪರಿಗೆ

1347ರ ಆಗಸ್ಟ್‌ನಲ್ಲಿ ದೌಲತಾಬಾದಿನಲ್ಲಿ ಪಟ್ಟಕ್ಕೆ ಬಂದ ಅಲಾವುದ್ದೀನ್ ಹಸನ್ ಬಹಮನ್ ಶಾಹನಿಗೆ ಸೈನ್ಯವಿತ್ತು, ಧೈರ್ಯವಿತ್ತು. ರಾಜವಂಶ ಇರಲಿಲ್ಲ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆ ಎದ್ದ ಅಮೀರರ ನಡುವಿನಿಂದ ಬಂದವನು ಅವನು. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಈ ಹೊಸ ದೊರೆಯ ಸುತ್ತ ಎರಡು ಭವಿಷ್ಯವಾಣಿಗಳು ಬೆಳೆದವು.

ಮೊದಲನೆಯದು ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರದ್ದು. ತುಘಲಕ ರಾಜಕುಮಾರ ಅವರ ಮನೆಯ ಊಟ ಮುಗಿಸಿ ಹೋದ ಮೇಲೆ ಹಸನ್ ಬಾಗಿಲಿಗೆ ಬಂದನಂತೆ. ಒಬ್ಬ ಸುಲ್ತಾನ ಹೋದ, ಇನ್ನೊಬ್ಬ ಹೊರಗೆ ಕಾಯುತ್ತಿದ್ದಾನೆ ಎಂದು ಸಂತರು ಹೇಳಿ, ರೊಟ್ಟಿಯೊಂದನ್ನು ಬೆರಳ ತುದಿಗೆ ಸಿಕ್ಕಿಸಿ ಛತ್ರಿಯಂತೆ ಕೊಟ್ಟರಂತೆ. ಎರಡನೆಯದು ಇನ್ನೂ ರುಚಿಯಾದ ಕಥೆ. ಹಸನ್ ದೆಹಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜೋಯಿಸನ ಆಳು. ಉಳುವಾಗ ನೇಗಿಲಿಗೆ ಚಿನ್ನದ ಕೊಪ್ಪರಿಗೆ ತಗುಲಿತು. ಅವನು ಅದನ್ನು ಮುಚ್ಚಿಡದೆ ಒಡೆಯನಿಗೆ ಒಪ್ಪಿಸಿದ. ಆ ಪ್ರಾಮಾಣಿಕತೆಗೆ ಮೆಚ್ಚಿದ ಗಂಗು ಜಾತಕ ಬರೆದು, ರಾಜನಾಗುತ್ತೀ, ಆದಾಗ ನನ್ನ ಹೆಸರನ್ನು ಇಟ್ಟುಕೋ ಎಂದ.

ಈ ಗಂಗುವಿನ ಕಥೆಯನ್ನು ಹೇಳಿದವನು ಫರಿಶ್ತಾ. ಅವನು ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ 1600ರ ಆಸುಪಾಸಿನಲ್ಲಿ ಬರೆದ. ಎಂದರೆ ಪಟ್ಟಾಭಿಷೇಕವಾಗಿ ಎರಡೂವರೆ ಶತಮಾನ ಕಳೆದ ಮೇಲೆ. ಹಸನ್ ಬದುಕಿದ್ದಾಗಲೇ ಅವನ ಆಸ್ಥಾನದಲ್ಲಿದ್ದ ಇಸಾಮಿ 1350ರಲ್ಲಿ ಮುಗಿಸಿದ ಪಾರಸಿ ಕಾವ್ಯದಲ್ಲಿ ಜೋಯಿಸನೂ ಇಲ್ಲ, ಕೊಪ್ಪರಿಗೆಯೂ ಇಲ್ಲ. ಅವನು ದೊರೆಯ ಬೇರನ್ನು ಪುರಾತನ ಪರ್ಶಿಯಾದ ಬಹಮನ್ ರಾಜನವರೆಗೆ ಒಯ್ಯುತ್ತಾನೆ. ಆಸ್ಥಾನಕ್ಕೆ ಆಗ ಬೇಕಾಗಿದ್ದದ್ದು ವಂಶಾವಳಿ. ಫರಿಶ್ತಾನ ಕಾಲದ ದಖ್ಖನಿಗೆ ಇನ್ನೊಂದು ಬೇಕಾಗಿತ್ತು. ಸುಲ್ತಾನರ ಕಚೇರಿಯ ಲೆಕ್ಕಪತ್ರ ಬ್ರಾಹ್ಮಣರ ಕೈಯಲ್ಲಿದ್ದ ಆ ದಿನಗಳಲ್ಲಿ ದೊರೆಗೂ ಜೋಯಿಸನಿಗೂ ನಡುವಿನ ಹಳೆಯ ಋಣವೊಂದು ನೆನಪಾಗಬೇಕಾಗಿತ್ತು. ಕಥೆ ಸುಳ್ಳೆಂದು ಎಸೆಯುವವರು ಈ ಅಗತ್ಯವನ್ನೂ ಅದರ ಜೊತೆಗೆ ಎಸೆದಂತಾಗುತ್ತದೆ.

ಕಲಬುರಗಿಯ ಖ್ವಾಜಾ, ಬೀದರಿನ ವಲಿ

1398ರಲ್ಲಿ ತೈಮೂರ್ ದೆಹಲಿಯನ್ನು ಸೂರೆ ಮಾಡುವ ಹೊತ್ತಿಗೆ ಆ ಊರು ಬಿಟ್ಟು ಹೊರಟ ಖ್ವಾಜಾ ಸಯ್ಯಿದ್ ಮುಹಮ್ಮದ್ ಹುಸೇನಿ ಗೇಸೂದರಾಜ್ ಎಂಬತ್ತರ ವಯಸ್ಸಿನ ಹತ್ತಿರ ಕಲಬುರಗಿಗೆ ಬಂದರು. ಕನ್ನಡಿಗರು ಅವರನ್ನು ಬಂದೇನವಾಜ್ ಎಂದು ಬಲ್ಲರು. ಫಿರೋಜ್ ಶಾಹ ಬಹಮನಿ ಆದರದಿಂದಲೇ ಬರಮಾಡಿಕೊಂಡ. ಆದರೆ ಫಿರೋಜ್ ತರ್ಕ, ಗಣಿತ, ಖಗೋಳಗಳಲ್ಲಿ ಆಸಕ್ತಿ ಇದ್ದ ದೊರೆ. ಅವನ ತಮ್ಮ ಅಹ್ಮದ್ ಮಾತ್ರ ಖ್ವಾಜಾ ಅವರ ಖಾನ್‌ಖಾಗೆ ತಪ್ಪದೆ ಹೋಗುತ್ತಿದ್ದ, ಫಕೀರರಿಗೆ ಊಟ ಹಾಕಿಸುತ್ತಿದ್ದ.

ಫಿರೋಜ್ ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿ ಮಾಡಿ ಖ್ವಾಜಾ ಅವರ ಆಶೀರ್ವಾದ ಕೇಳಿದಾಗ, ಕಿರೀಟ ಅಹ್ಮದನಿಗೆಂದು ಬರೆದಾಗಿದೆ ಎಂಬ ಉತ್ತರ ಬಂತು ಎನ್ನುತ್ತಾನೆ ಫರಿಶ್ತಾ. ದೊರೆ ಸಿಟ್ಟಾದ. ಖಾನ್‌ಖಾದ ಜನಸಂದಣಿಯಿಂದ ಕೋಟೆಗೆ ತೊಂದರೆ ಎಂದು ಹೇಳಿ ಜಾಗ ಬದಲಿಸಲು ಆಜ್ಞೆ ಮಾಡಿದ. ಖ್ವಾಜಾ ಊರಾಚೆಗೆ ಹೋಗಿ ನೆಲೆಸಿದರು. ಇಂದು ಲಕ್ಷಾಂತರ ಜನ ಉರುಸಿಗೆ ಸೇರುವ ದರ್ಗಾ ಇರುವುದು ಆ ಜಾಗದಲ್ಲೇ.

ಪಾನಗಲ್ಲಿನಲ್ಲಿ ವಿಜಯನಗರದೆದುರು ಸೋತ ಫಿರೋಜ್ ಮತ್ತೆ ಚೇತರಿಸಿಕೊಳ್ಳಲಿಲ್ಲ. 1422ರಲ್ಲಿ ಅಹ್ಮದ್ ಸುಲ್ತಾನನಾದ. ಅದೇ ವರ್ಷ ನವೆಂಬರಿನಲ್ಲಿ ಖ್ವಾಜಾ ತೀರಿಕೊಂಡರು.

ಇಲ್ಲಿಂದ ಮುಂದಿನದು ಸಾಮಾನ್ಯವಾಗಿ ಯಾರೂ ಒತ್ತಿ ಹೇಳದ ಭಾಗ. ತನಗೆ ಕಿರೀಟ ನುಡಿದ ಸಂತರ ಊರನ್ನು ಬಿಟ್ಟು ಅಹ್ಮದ್ ಶಾಹ ಬೀದರಿಗೆ ರಾಜಧಾನಿ ಬದಲಿಸಿದ. ಇರಾನಿನ ಕಿರ್ಮಾನಿನ ಬಳಿಯ ಮಾಹಾನಿನಲ್ಲಿದ್ದ ಶಾಹ್ ನಿಮತುಲ್ಲಾ ಎಂಬ ಬೇರೊಬ್ಬ ಸಂತರಿಗೆ ಕಾಣಿಕೆ ಕಳಿಸಿ ದೀಕ್ಷೆ ಬೇಡಿದ. ಅವರಿಂದ ಹನ್ನೆರಡು ಮೂಲೆಯ ಹಸಿರು ಟೋಪಿ ಬಂತು. ಪಟ್ಟಕ್ಕಾಗಿ ಅಣ್ಣನೊಡನೆ ಹೋರಾಡುತ್ತಿದ್ದಾಗ ಕನಸಿನಲ್ಲಿ ಒಬ್ಬರು ಇಂಥದೇ ಟೋಪಿ ಕೊಟ್ಟಿದ್ದರು, ಇದು ಅದೇ ಎಂದು ದೊರೆ ಗುರುತಿಸಿದನಂತೆ. ಸಂತರ ಮೊಮ್ಮಗ ನೂರುಲ್ಲಾ ಬೀದರಿಗೆ ಬಂದಾಗ ಅವರಿಗೆ ಗೇಸೂದರಾಜರ ವಂಶದವರಿಗಿಂತ ಮೇಲಿನ ಆಸನ ಸಿಕ್ಕಿತು, ಸುಲ್ತಾನನ ಮಗಳನ್ನೂ ಕೊಟ್ಟು ಮದುವೆ ಮಾಡಿದರು. ಕಲಬುರಗಿಯ ಸಂತರ ಮಾತಿನಿಂದ ಪಟ್ಟ ಬಂದಿದೆ ಎಂದಾದರೆ ಅವರ ಮಕ್ಕಳ ಮಾತಿನಿಂದ ಹೋಗಲೂಬಹುದು. ಹೊಸ ರಾಜಧಾನಿಗೆ ಹೊಸ ಗುರು ಬೇಕಾಗಿದ್ದದ್ದು ಹೀಗೆ.

ಬೀದರಿನಿಂದ ಒಂದೆರಡು ಮೈಲಿ ದೂರದ ಅಷ್ಟೂರಿನಲ್ಲಿ ಅಹ್ಮದ್ ಶಾಹನ ಗೋರಿ ಇದೆ. ಒಳಗೆ ಕತ್ತೆತ್ತಿ ನೋಡಿದರೆ ಗುಮ್ಮಟದ ತುಂಬ ಬಂಗಾರ, ಕೆಂಪು, ನೀಲಿ ಬಣ್ಣದ ಚಿತ್ತಾರ, ಅದರ ನಡುವೆ ನಿಮತುಲ್ಲಾರ ಗುರುಪರಂಪರೆಯ ಹೆಸರುಗಳು. ಹೊರಗಿನ ಬಯಲಿನಲ್ಲಿ ಕೇಳುವುದು ಬೇರೆ ಕಥೆ. ಬರಗಾಲದಲ್ಲಿ ಗುಡ್ಡ ಹತ್ತಿ ಬೇಡಿಕೊಂಡು ಮಳೆ ತರಿಸಿದ ಇವನು ಜನರಿಗೆ 'ವಲಿ'. ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಅವತಾರ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಶಂಖ ಊದಿಸಿ ಉರುಸು ನಡೆಸಿಕೊಡುತ್ತಾರೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ 1947ರಲ್ಲಿ ಹೊರಬಂದ ತಮ್ಮ ಬೀದರಿನ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಆಸ್ಥಾನ ಬರೆಸಿದ್ದು ಗೋಡೆಯ ಮೇಲಿದೆ, ಜನ ನಂಬಿದ್ದು ಅಂಗಳದಲ್ಲಿದೆ.

ಚಿನಿವಾರನ ತಕ್ಕಡಿ

ಭವಿಷ್ಯವಾಣಿಯನ್ನು ಒರೆಗೆ ಹಚ್ಚಿದ ಬಗೆ ಕಾಣಬೇಕಾದರೆ ದಖ್ಖನಿನ ಆಚೆಗೂ ನೋಡಬೇಕು. ಅಹ್ಮದ್ ಪಟ್ಟಕ್ಕೆ ಬಂದ ಅದೇ 1422ರ ಅಕ್ಟೋಬರಿನಲ್ಲಿ ಫ್ರಾನ್ಸಿನಲ್ಲಿ ಆರನೇ ಚಾರ್ಲ್ಸ್ ಸತ್ತ. ಮಗ ಏಳನೇ ಚಾರ್ಲ್ಸನ ಹಕ್ಕನ್ನು ಎರಡು ವರ್ಷ ಮೊದಲೇ ಒಪ್ಪಂದವೊಂದು ಕಿತ್ತುಕೊಂಡಿತ್ತು. ಬೀದರಿನ ಸುಲ್ತಾನನಂತೆ ಅವನಿಗೂ ವಂಶಕ್ಕಿಂತ ಮೇಲಿನ ಒಂದು ಸಾಕ್ಷಿ ಬೇಕಾಗಿತ್ತು. 1429ರಲ್ಲಿ ಅದು ಹದಿನೇಳರ ಆಸುಪಾಸಿನ ಹಳ್ಳಿ ಹುಡುಗಿಯ ರೂಪದಲ್ಲಿ ಶಿನೋನ್ ಕೋಟೆಗೆ ಬಂತು. ದೋಂರೆಮಿಯ ಜೋನ್ ತನಗೆ ಸಂತರ ದನಿ ಕೇಳಿಸುತ್ತದೆ ಎಂದಳು. ಕನ್ಯೆಯೊಬ್ಬಳು ಫ್ರಾನ್ಸನ್ನು ಉಳಿಸುತ್ತಾಳೆ ಎಂಬ ಮಾತು ಆಗಲೇ ನಾಡಿನಲ್ಲಿ ಹರಡಿತ್ತು.

ಇಲ್ಲಿ ಕ್ರೈಸ್ತ ಆಸ್ಥಾನಕ್ಕೂ ದಖ್ಖನಿಗೂ ಒಂದು ವ್ಯತ್ಯಾಸ ಕಾಣುತ್ತದೆ. ಇಸ್ಲಾಮಿನ ದೃಷ್ಟಿಯಲ್ಲಿ ಪ್ರವಾದಿತ್ವ ಮುಹಮ್ಮದರಿಗೆ ಮುಗಿಯಿತು. ಸಂತರಿಗೆ ಉಳಿದದ್ದು ಕರಾಮತ್ತು. ಕನ್ನಡ ದಿನಬಳಕೆಯಲ್ಲಿರುವ ಆ ಶಬ್ದ ಈ ಲೋಕದಿಂದ ಬಂದದ್ದು. ಕ್ರೈಸ್ತ ಸಭೆಯಲ್ಲಿ ಪ್ರವಾದನೆ ಪವಿತ್ರಾತ್ಮನ ವರ ಎಂಬ ನಂಬಿಕೆ ಇತ್ತು. ಜೊತೆಗೆ ಅದನ್ನು ತೂಗಿ ನೋಡಲೇಬೇಕೆಂಬ ಕಟ್ಟಳೆಯೂ ಇತ್ತು. ನುಡಿದದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ ಎಂದು ಧರ್ಮೋಪದೇಶಕಾಂಡ ಹೇಳಿದರೆ, ಪ್ರವಾದನೆಯನ್ನು ತಿರಸ್ಕರಿಸಬಾರದು, ಎಲ್ಲವನ್ನೂ ಪರೀಕ್ಷಿಸಬೇಕು ಎಂದು ಥೆಸಲೊನೀಕದವರಿಗೆ ಬರೆದ ಪತ್ರದಲ್ಲಿ ಪೌಲನ ಬೋಧೆ.

ನುಡಿದದ್ದು ನಡೆಯದಿದ್ದಾಗ ಏನು ಮಾಡಬೇಕು? ಹದಿಮೂರನೇ ಶತಮಾನದ ತೋಮಸ್ ಅಕ್ವಿನಾಸ್ ಇದಕ್ಕೆ ಯೋನನ ಕಥೆ ಹಿಡಿದು ಉತ್ತರಿಸಿದ. ನಿನೆವೆ ಹಾಳಾಗುತ್ತದೆ ಎಂದು ಯೋನ ಸಾರಿದ. ಊರಿನವರು ಪಶ್ಚಾತ್ತಾಪಪಟ್ಟರು, ನಿನೆವೆ ಉಳಿಯಿತು. ಯೋನ ಸುಳ್ಳಾಡಲಿಲ್ಲ. ಆ ಪ್ರವಾದನೆ ಎಚ್ಚರಿಕೆಯಾಗಿತ್ತು, ಎಚ್ಚೆತ್ತವರಿಗೆ ಕೇಡು ತಪ್ಪಿತು. ಪ್ರವಾದಿಯ ಬೆಳಕು ಅವನ ಸ್ವಂತ ಆಸ್ತಿಯಲ್ಲ, ಬಂದು ಹೋಗುವಂಥದ್ದು, ಒಳ್ಳೆಯ ನಡತೆ ಇಲ್ಲದವನಿಗೂ ಬರಬಹುದು ಎಂದೂ ಅವನು ಬರೆದ.

ಪ್ಯಾರಿಸ್ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ಝಾನ್ ಗೆರ್ಸೋನ್ 1401ರಲ್ಲಿ ನಿಜವಾದ ದರ್ಶನವನ್ನು ಸುಳ್ಳಿನಿಂದ ಬೇರ್ಪಡಿಸುವ ಬಗೆಯನ್ನು ಕುರಿತೇ ಒಂದು ಗ್ರಂಥ ಬರೆದ. ಸ್ವೀಡನ್ನಿನ ಬ್ರಿಜಿತ್, ಸಿಯೆನಾದ ಕ್ಯಾಥರೀನ್ ಮುಂತಾದವರ ದರ್ಶನಗಳು ಪೋಪರನ್ನೂ ದೊರೆಗಳನ್ನೂ ನಡುಗಿಸಿದ್ದ ಕಾಲ ಅದು. ಗೆರ್ಸೋನ್ ಪರೀಕ್ಷಕನನ್ನು ಚಿನಿವಾರನಿಗೆ ಹೋಲಿಸುತ್ತಾನೆ. ಚಿನ್ನದ ನಾಣ್ಯಕ್ಕೆ ತೂಕ, ಬಾಗುವ ಗುಣ, ಬಾಳಿಕೆ, ಮುದ್ರೆ, ಬಣ್ಣ ನೋಡುವಂತೆ ದರ್ಶನದಲ್ಲಿ ವಿನಯ, ವಿವೇಕ, ತಾಳ್ಮೆ, ಸತ್ಯ, ಪ್ರೀತಿ ನೋಡಬೇಕು ಎನ್ನುತ್ತಾನೆ. ಪೇಟೆಯಲ್ಲಿ ನಾಣ್ಯ ಕಚ್ಚಿ ನೋಡಿದವರಿಗೆ ಅರ್ಥವಾಗುವ ದೇವತಾಶಾಸ್ತ್ರ ಇದು.

ಜೋನಳನ್ನು ಪ್ವಾತಿಯೇಯಲ್ಲಿ ದೇವತಾಶಾಸ್ತ್ರಜ್ಞರು ಸುಮಾರು ಮೂರು ವಾರ ವಿಚಾರಿಸಿದರು. ಕೆಡುಕು ಕಾಣಲಿಲ್ಲ, ಓರ್ಲೆಯಾನ್ಸಿಗೆ ಕಳಿಸಬಹುದು ಎಂದರು. ಮೇ 8ರಂದು ಆ ಊರಿನ ಮುತ್ತಿಗೆ ತೆರವಾಯಿತು. ಜುಲೈ 17ರಂದು ರ‍್ಯಾನ್ಸ್ ನಗರದಲ್ಲಿ ಚಾರ್ಲ್ಸ್ ಕಿರೀಟ ಧರಿಸಿದ. ಎರಡು ವರ್ಷದ ಬಳಿಕ ಶತ್ರುಗಳ ಕೈಗೆ ಸಿಕ್ಕ ಅವಳನ್ನು ಪ್ಯಾರಿಸ್ಸಿನ ದೇವತಾಶಾಸ್ತ್ರಜ್ಞರು ಅದೇ ಶಾಸ್ತ್ರ ಹಿಡಿದು ತೂಗಿದರು. ದನಿಗಳು ದೆವ್ವದವು ಎಂದು ತೀರ್ಮಾನಿಸಿದರು. 1431ರ ಮೇ 30ರಂದು ರೂವಾನಿನಲ್ಲಿ ಅವಳನ್ನು ಸುಟ್ಟರು. 1456ರಲ್ಲಿ, ಗೆದ್ದ ಚಾರ್ಲ್ಸನ ಕಾಲದಲ್ಲಿ, ಆ ತೀರ್ಪು ರದ್ದಾಯಿತು. ತಕ್ಕಡಿ ಒಂದೇ, ಹಿಡಿದ ಕೈ ಮೂರು. ಜೋನ್ ವಿಚಾರಣೆಯಲ್ಲಿ ಕೆಲವು ದಿನ ಹಿಂದೆ ಸರಿದರೂ ಕೊನೆಗೆ ತನ್ನ ಮೊದಲಿನ ಮಾತಿಗೇ ಮರಳಿದ್ದಳು.

ಸಾವಿರದ ವರ್ಷ

ಹೈದರಾಬಾದ್ ಹುಟ್ಟಿದ್ದೂ ಕಾಯುವಿಕೆಯ ಕಾಲದಲ್ಲೇ. ಹಿಜರಿ ಸಾವಿರ ಹತ್ತಿರವಾದಂತೆ ಮುಸ್ಲಿಂ ಲೋಕದಲ್ಲಿ, ಕೊನೆಗಾಲದಲ್ಲಿ ಬರುವ ಮಾರ್ಗದರ್ಶಿಯಾದ ಮಹದಿಯ ನಿರೀಕ್ಷೆ ಬಲವಾಗಿತ್ತು. ಅಕ್ಬರ್ 1582ರಲ್ಲೇ ಸಾವಿರ ವರ್ಷಗಳ ಚರಿತ್ರೆ ಬರೆಯಲು ಆಜ್ಞೆ ಮಾಡಿದ್ದ, ನಾಣ್ಯದ ಮೇಲೆ 'ಅಲ್ಫ್', ಅಂದರೆ ಸಾವಿರ, ಎಂದು ಅಚ್ಚು ಹಾಕಿಸಿದ್ದ. ತಾನೇ ಮಹದಿ ಎಂದು ಸಾರಿದ ಜೌನ್‌ಪುರದ ಸಯ್ಯಿದ್ ಮುಹಮ್ಮದ್ 1505ರಲ್ಲಿ ತೀರಿಕೊಂಡಿದ್ದರೂ ಅವರ ಅನುಯಾಯಿಗಳು ದಖ್ಖನಿನಲ್ಲಿ ಬೇರೂರಿದ್ದರು. 1589ರಲ್ಲಿ ಅಹ್ಮದ್‌ನಗರದ ಎಳೆಯ ಸುಲ್ತಾನ ಇಸ್ಮಾಯಿಲನ ಹೆಸರಿನಲ್ಲಿ ಅಧಿಕಾರ ಹಿಡಿದ ಜಮಾಲ್ ಖಾನ್ ಮಹದವಿ ಪಂಥವನ್ನೇ ರಾಜ್ಯದ ಮತ ಮಾಡಿದ. ಸಾವಿರಕ್ಕೆ ಕೆಲವೇ ತಿಂಗಳಿರುವಾಗ, 1591ರಲ್ಲಿ, ಅವನು ಯುದ್ಧದಲ್ಲಿ ಸತ್ತ. ಆ ಆಳ್ವಿಕೆ ಅಲ್ಲಿಗೆ ಮುಗಿಯಿತು. ನಂಬಿದವರು ಉಳಿದರು. ಚಂಚಲಗುಡದ ಮಹದವಿ ಸಮುದಾಯ ಇಂದಿಗೂ ಈ ನಗರದ ಭಾಗ.

ಅದೇ 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾಹ ಮೂಸಿಯ ಆಚೆ ದಡದಲ್ಲಿ ಹೊಸ ನಗರ ಕಟ್ಟಿಸತೊಡಗಿದ. ನಕ್ಷೆಯ ಹಿಂದೆ ಇದ್ದವರು ಪೇಶ್ವೆ ಮೀರ್ ಮೋಮಿನ್ ಅಸ್ತ್ರಾಬಾದಿ. ಚಾರ್ಮಿನಾರಿನ ವರ್ಷವನ್ನು 'ಯಾ ಹಾಫಿಜ್' ಎಂಬ ಎರಡು ಶಬ್ದಗಳಲ್ಲಿ ನೆನಪಿಡುವ ವಾಡಿಕೆ ಇದೆ. ಕಾಪಾಡುವವನೇ ಎಂದು ಅದರ ಅರ್ಥ. ಅಕ್ಷರಕ್ಕೊಂದು ಸಂಖ್ಯೆ ಹಿಡಿದು ಕೂಡಿದರೆ ಯೇ 10, ಅಲಿಫ್ 1, ಹೇ 8, ಅಲಿಫ್ 1, ಫೇ 80, ಜೋಯ್ 900. ಒಟ್ಟು 1000. ಪಕ್ಕದ ರಾಜ್ಯ ಮಹದಿಯ ಹೆಸರಿನಲ್ಲಿ ಕತ್ತಿ ಹಿಡಿದ ಹೊತ್ತಿನಲ್ಲಿ ಗೋಲ್ಕೊಂಡ ಆ ಸಾವಿರವನ್ನು ಒಂದು ಪ್ರಾರ್ಥನೆಯಾಗಿ ಮಾಡಿ ನಾಲ್ಕು ದಾರಿ ಕೂಡುವಲ್ಲಿ ಕಟ್ಟಡ ನಿಲ್ಲಿಸಿತು.

ಕುತುಬ್ ಶಾಹಿಗಳ ಕೊನೆಯವನು ಅಬುಲ್ ಹಸನ್ ತಾನಾಶಾಹ. ಅವನು ಅರಮನೆಗೆ ಬರುವ ಮೊದಲು ವರ್ಷಗಟ್ಟಲೆ ಇದ್ದದ್ದು ಶಾಹ್ ರಾಜು ಎಂಬ ಸೂಫಿಯ ಖಾನ್‌ಖಾದಲ್ಲಿ. ಆ ಗುರು ಕಲಬುರಗಿಯ ಬಂದೇನವಾಜರ ವಂಶದವರು. ಅಬ್ದುಲ್ಲಾ ಕುತುಬ್ ಶಾಹನ ಮಗಳಿಗೆ ಗೊತ್ತಾಗಿದ್ದ ಮದುವೆ ಮುರಿದು, ಶಿಷ್ಯ ಅಳಿಯನಾಗಿ 1672ರಲ್ಲಿ ಸುಲ್ತಾನನಾದಾಗ, ಗುರು ಮೊದಲೇ ನುಡಿದಿದ್ದರು ಎಂದು ನಗರ ನಂಬಿತು. 1687ರಲ್ಲಿ ಔರಂಗಜೇಬ ಗೋಲ್ಕೊಂಡವನ್ನು ಹಿಡಿದ.

ಹೈದರಾಬಾದಿನವರಿಗೆ ಹೆಚ್ಚು ಪರಿಚಿತವಾದದ್ದು ಕುಲ್ಚಾದ ಕಥೆ. ಔರಂಗಾಬಾದಿನ ಸೂಫಿಯೊಬ್ಬರು ಹಳದಿ ಬಟ್ಟೆಯಲ್ಲಿ ಕೊಟ್ಟ ಕುಲ್ಚಾಗಳಲ್ಲಿ ನಿಜಾಮುಲ್ ಮುಲ್ಕ್ ಏಳನ್ನು ತಿಂದ, ಆದ್ದರಿಂದ ಏಳು ತಲೆಮಾರಿನ ಆಳ್ವಿಕೆ ಎಂದು ಅವರು ನುಡಿದರು. ಸಂಸ್ಥಾನದ ಹಳದಿ ಧ್ವಜದ ನಡುವಿನ ಬಿಳಿ ವೃತ್ತವೇ ಆ ಕುಲ್ಚಾ. ಏಳನೇ ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಮಾತು ನಿಜವಾಯಿತು. ಆದರೆ ಮೊದಲನೆಯ ಆಸಫ್ ಜಾಹ 1748ರಲ್ಲಿ ತೀರಿಕೊಂಡ ಮೇಲೆ, 1762ರಲ್ಲಿ ನಿಜಾಮ್ ಅಲಿ ಖಾನ್ ಬರುವವರೆಗೆ, ನಾಸಿರ್ ಜಂಗ್, ಮುಜಫರ್ ಜಂಗ್, ಸಲಾಬತ್ ಜಂಗ್ ಮೂವರು ಆಳಿದ್ದರು. ಅವರಿಗೆ ಆಸಫ್ ಜಾಹ ಎಂಬ ಬಿರುದು ಇರಲಿಲ್ಲವೆಂದು ಎಣಿಕೆಯಿಂದ ಬಿಟ್ಟರೆ ಏಳು, ಸೇರಿಸಿದರೆ ಹತ್ತು.

ಕಾಲಜ್ಞಾನ

ಸುಲ್ತಾನರಿಗೆ ಸೂಫಿಗಳಿದ್ದರೆ ಕನ್ನಡ ಜನರಿಗೆ ಕಾಲಜ್ಞಾನವಿತ್ತು. ಬಸವಣ್ಣ, ಚೆನ್ನಬಸವಣ್ಣ ಮೊದಲಾದ ಶರಣರ ಹೆಸರಿನಲ್ಲಿ, ವಿದ್ಯಾರಣ್ಯರ ಹೆಸರಿನಲ್ಲಿ, ಇಂದಿನ ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣನ ಹೆಸರಿನಲ್ಲಿ ಕಾಲಜ್ಞಾನದ ಓಲೆಗರಿಗಳು ಮಠದಿಂದ ಮಠಕ್ಕೆ ಹೋದವು. ಕೊಡೇಕಲ್ಲಿನ ಪರಂಪರೆ ಹಿಂದೂ ಮುಸ್ಲಿಂ ಎರಡೂ ಕಡೆಯ ಭಕ್ತರನ್ನು ಒಳಗೊಂಡದ್ದು. ಅಲ್ಲಿಯ ಕೆಲವು ಹಸ್ತಪ್ರತಿಗಳು 'ಅಮರಗನ್ನಡ' ಎಂಬ ಗೂಢಲಿಪಿಯಲ್ಲಿವೆ. ಕನ್ನಡ ಓದು ಬಲ್ಲವರೂ ಕಲಿಯದೆ ಅದನ್ನು ಓದಲಾರರು.

ಈ ಕಾಲಜ್ಞಾನಗಳ ನಡುವೆ ಮತ್ತೆ ಮತ್ತೆ ಬರುವವನು ವೀರವಸಂತರಾಯ. ಅವನು ಬರುತ್ತಾನೆ, ಹಾಳಾದ ಕಲ್ಯಾಣ ಮತ್ತೆ ತುಂಬುತ್ತದೆ. ಪೋತುಲೂರಿ ವೀರಬ್ರಹ್ಮಂ ಹೆಸರಿನ ತೆಲುಗು ಕಾಲಜ್ಞಾನದಲ್ಲಿ ಇವನೇ ವೀರಭೋಗವಸಂತರಾಯ. ಮಧ್ಯಯುಗದ ಯುರೋಪು ಕಾದದ್ದೂ ಇಂಥ ಒಬ್ಬನಿಗೆ. ಅವನು ಲೋಕದ ಕೊನೆಯ ಚಕ್ರವರ್ತಿ, ಜೆರೂಸಲೇಮಿನಲ್ಲಿ ತನ್ನ ಕಿರೀಟ ಕಳಚಿ ದೇವರಿಗೆ ಒಪ್ಪಿಸುವವನು. ವ್ಯತ್ಯಾಸ ಇಷ್ಟೇ: ಅಲ್ಲಿ ಒಬ್ಬರಾದ ಮೇಲೊಬ್ಬರು ದೊರೆಗಳು ನಾನೇ ಅವನು ಎಂದು ಮುಂದೆ ಬಂದರು. ಇಲ್ಲಿ ವಸಂತರಾಯ ಮುಖ್ಯವಾಗಿ ಜನರ ನಿರೀಕ್ಷೆಯಾಗಿ ಉಳಿದ.

ಕಾಲಜ್ಞಾನ ಎಂದರೆ ಆಮೇಲೆ ಕಟ್ಟಿದ್ದು, ಚರಿತ್ರೆಗೆ ಬೇಡ ಎಂದು ಎಷ್ಟೋ ವಿದ್ವಾಂಸರು ಪಕ್ಕಕ್ಕಿಟ್ಟಿದ್ದಾರೆ. ಕ್ರೈಸ್ತ ಲೋಕದಲ್ಲಿ ಇದೇ ಪ್ರಶ್ನೆ ಮೂರನೇ ಶತಮಾನದಲ್ಲೇ ಎದ್ದಿತ್ತು. ಬೈಬಲಿನ ದಾನಿಯೇಲನ ಗ್ರಂಥ ಅಂತಿಯೋಕಸ್ ಎಂಬ ಗ್ರೀಕ್ ದೊರೆಯ ಕಾಲದವರೆಗೆ ಕರಾರುವಾಕ್ಕಾಗಿ ನುಡಿಯುತ್ತದೆ, ಹಾಗಾದರೆ ಅದನ್ನು ಬರೆದದ್ದು ಅವನ ಕಾಲದಲ್ಲೇ ಎಂದು ಪೋರ್ಫಿರಿ ವಾದಿಸಿದ. ಸಂತ ಜೆರೋಮ್ ಅದಕ್ಕೆ ಉತ್ತರವಾಗಿ ದೊಡ್ಡ ವ್ಯಾಖ್ಯಾನವನ್ನೇ ಬರೆದ. ಇಂದಿನ ಬಹುಪಾಲು ಬೈಬಲ್ ವಿದ್ವಾಂಸರು ಕಾಲದ ವಿಚಾರದಲ್ಲಿ ಪೋರ್ಫಿರಿಯ ಕಡೆಗಿದ್ದಾರೆ. ಹಾಗೆಂದು ದಾನಿಯೇಲನನ್ನು ಓದುವುದನ್ನು ಯಾರೂ ಬಿಡಲಿಲ್ಲ. ಹಿಂಸೆಗೆ ಸಿಕ್ಕ ಜನ ತಮ್ಮ ಕಷ್ಟಕ್ಕೆ ಕೊನೆಯೊಂದಿದೆ ಎಂದು ಹೇಗೆ ನಂಬಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ವಿದ್ಯಾರಣ್ಯ ಕಾಲಜ್ಞಾನವನ್ನೂ ಹೀಗೆ ಓದಬಹುದು. ಹದಿನಾಲ್ಕನೇ ಶತಮಾನದ ಗುರುವಿನ ಬಾಯಲ್ಲಿ ಅದು ಮುಂದಿನ ದೊರೆಗಳನ್ನು ಸಾಲಾಗಿ ಹೇಳುತ್ತದೆ. ಈಗ ಸಿಗುವ ರೂಪ 1565ರಲ್ಲಿ ವಿಜಯನಗರ ಬಿದ್ದ ನಂತರದ್ದು. ಇಂಥ ಗ್ರಂಥದಲ್ಲಿ ಎಲ್ಲಿಯವರೆಗೆ ನುಡಿದದ್ದು ನಡೆದಿದೆಯೋ ಅಲ್ಲಿಯವರೆಗೆ ಚರಿತ್ರೆ. ಎಲ್ಲಿ ತಪ್ಪತೊಡಗುತ್ತದೆಯೋ ಅದೇ ಬರೆದವನು ಕುಳಿತ ವರ್ಷ. ಅಲ್ಲಿಂದ ಮುಂದಿನ ಸಾಲುಗಳಲ್ಲಿ ಅವನು ಏನನ್ನು ಆಸೆಪಟ್ಟ, ಯಾವುದಕ್ಕೆ ಹೆದರಿದ ಎಂಬುದು ಸಿಗುತ್ತದೆ. ಆಸ್ಥಾನದ ತವಾರೀಖುಗಳಲ್ಲಿ ಸುಲ್ತಾನರ ಆಸೆ ಸಿಗುತ್ತದೆ. ಊರು ಸುಟ್ಟುಹೋದ ನೇಕಾರನ, ಬಡಗಿಯ, ಜಂಗಮನ ಆಸೆ ಸಿಗಬೇಕಾದರೆ ಕಾಲಜ್ಞಾನಕ್ಕೇ ಬರಬೇಕು.

ಈ ಓದಿಗೆ ಹೈದರಾಬಾದಿನ ಕನ್ನಡಿಗರಿಗಿಂತ ತಕ್ಕವರು ಇಲ್ಲ. ಕಲಬುರಗಿ, ಬೀದರ್, ರಾಯಚೂರುಗಳು 1956ರವರೆಗೆ ಈ ನಗರದಿಂದಲೇ ಆಡಳಿತ ಕಂಡವು. ಇಲ್ಲಿಯ ಕನ್ನಡ ಮನೆಗಳಲ್ಲಿ ಉರ್ದು ಬಲ್ಲ ಹಿರಿಯರಿದ್ದಾರೆ, ತೆಲುಗು ಬಲ್ಲ ಮಕ್ಕಳಿದ್ದಾರೆ. ಪಾರಸಿ ತವಾರೀಖು ಸಾಲಾರ್‌ಜಂಗ್ ಸಂಗ್ರಹಾಲಯದಲ್ಲಿದೆ, ಓಲೆಗರಿಯ ಕಟ್ಟು ಹುಟ್ಟೂರಿನ ಮಠದಲ್ಲೋ ಅಟ್ಟದ ಮೇಲಿನ ಬಸ್ತಾದಲ್ಲೋ ಇದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವ ಕೆಲಸ ಬಾಕಿ ಇದೆ.

ಆದ್ದರಿಂದ ಈ ಸಭೆಯಲ್ಲಿ ಒಂದು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ದೇವರ ಜಗುಲಿಯ ಪಕ್ಕದ ಕೆಂಪು ವಸ್ತ್ರದ ಗಂಟನ್ನು ಮನೆಯ ಹಿರಿಯರ ಅನುಮತಿ ಪಡೆದು ಬಿಚ್ಚಿ ನೋಡಬೇಕು. ಕಾಲಜ್ಞಾನದ ಒಂದು ಗರಿ ಸಿಕ್ಕರೂ ಹಗಲು ಬೆಳಕಿನಲ್ಲಿ ಎರಡೂ ಬದಿಯ ಚಿತ್ರ ತೆಗೆದು, ಯಾವ ಮನೆಯದು, ಯಾರು ಓದುತ್ತಿದ್ದರು, ಯಾವ ಹಬ್ಬಕ್ಕೆ ಓದುತ್ತಿದ್ದರು ಎಂದು ಬರೆದಿಟ್ಟುಕೊಳ್ಳಬೇಕು. ಗರಿಯನ್ನು ಅದರ ಜಾಗದಲ್ಲೇ ಬಿಟ್ಟು, ಚಿತ್ರವನ್ನು ಮಾತ್ರ ಲಿಪಿ ಬಲ್ಲವರಿಗೆ ತಲುಪಿಸಬೇಕು.